ಮೂವತ್ತೈದು ದಾಟಿದ ಮುಖ್ಯ ಆಟಗಾರನ ಹೊರೆಯನ್ನು ನಿಭಾಯಿಸುವುದು ಹೇಗೆ: ಮಲೆನಾಡಿನ ಫುಟ್‌ಬಾಲ್ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರದ ಕಡೆಯ ತಂಡಗಳನ್ನು ನೋಡಿಕೊಳ್ಳುವವರು ನನ್ನ ಬಳಿ ತರುವ ತೊಂದರೆ ಹೆಚ್ಚುಕಡಿಮೆ ಒಂದೇ ಬಗೆಯದು. ತಂಡದ ಅರ್ಧದಷ್ಟು ಗೋಲುಗಳನ್ನು ಹೊಡೆಯುವ ಆಟಗಾರನಿಗೆ ಮೂವತ್ತಾರೋ ಮೂವತ್ತೇಳೋ ವಯಸ್ಸಾಗಿರುತ್ತದೆ. ಅವನಿಗೆ ಆಯಾಸವಾಗಬಾರದೆಂದು ವಾರದ ಅಭ್ಯಾಸದಿಂದ ವಿನಾಯಿತಿ ಕೊಟ್ಟು, ಭಾನುವಾರ ಮಾತ್ರ ಕರೆಸಿ ಪೂರ್ತಿ 90 ನಿಮಿಷ ಆಡಿಸುತ್ತಾರೆ. ಮೂರನೆಯದೋ ನಾಲ್ಕನೆಯದೋ ಪಂದ್ಯದಲ್ಲಿ ಅವನು ತೊಡೆಯ ಹಿಂಭಾಗ ಹಿಡಿದುಕೊಂಡು ಕುಳಿತುಬಿಡುತ್ತಾನೆ. ಆರು ವಾರ ವಿಶ್ರಾಂತಿ ಕೊಟ್ಟು, ಮತ್ತೆ ಅದೇ ರೀತಿ ಕರೆತಂದು, ಮತ್ತೆ ಅದೇ ಜಾಗದಲ್ಲಿ ಕಳೆದುಕೊಳ್ಳುತ್ತಾರೆ.

ಇಲ್ಲಿ ತಪ್ಪಿರುವುದು ಕಾಳಜಿಯಲ್ಲಲ್ಲ, ಕಡಿತ ಎಲ್ಲಿ ಮಾಡಬೇಕೆಂಬುದರಲ್ಲಿ. ವಯಸ್ಸಾದ ಸ್ನಾಯು ವಿಶ್ರಾಂತಿಯಿಂದ ಉಳಿಯುವುದಿಲ್ಲ. ವಾರದಲ್ಲಿ ಒಮ್ಮೆಯೂ ಪೂರ್ಣ ವೇಗದ ಓಟವನ್ನು ಕಾಣದ ಸ್ನಾಯುವಿಗೆ ಭಾನುವಾರದ ಮೊದಲ ಜೋರು ಓಟವೇ ಅಪರಿಚಿತವಾಗಿಬಿಡುತ್ತದೆ. ಆದ್ದರಿಂದ ಕಡಿಮೆ ಮಾಡಬೇಕಾದದ್ದು ಪಂದ್ಯದ ನಿಮಿಷಗಳನ್ನು. ಉಳಿಸಿಕೊಳ್ಳಬೇಕಾದದ್ದು ವಾರದ ಅಭ್ಯಾಸವನ್ನು. ಕೆಳಗಿನ ಹಂತಗಳೆಲ್ಲ ಈ ಒಂದು ತಿರುವಿನ ಮೇಲೆ ನಿಂತಿವೆ, ಹಾಗಾಗಿ ಇವುಗಳನ್ನು ಇದೇ ಅನುಕ್ರಮದಲ್ಲಿ ಮಾಡಬೇಕು.

ಬೇಕಾಗುವ ಸಲಕರಣೆಗಳು

ಓಡಿದ ದೂರವನ್ನು ಉಪಗ್ರಹದ ನೆರವಿನಿಂದ ಅಳೆಯುವ ಜಾಕೆಟ್ಟು, ದುಬಾರಿ ಕೈಗಡಿಯಾರ ಯಾವುದೂ ಬೇಡ. ಒಂದು ನೂರು ಪುಟದ ನೋಟ್‌ಬುಕ್, ಒಂದು ಸ್ಟಾಪ್‌ವಾಚ್, ಅಳತೆ ಪಟ್ಟಿ, ಮತ್ತು ಔಷಧಿ ಅಂಗಡಿಯಲ್ಲಿ ಸಿಗುವ, ಮುಳ್ಳಿನ ಡಯಲ್ ಇರುವ ರಕ್ತದೊತ್ತಡದ ಪಟ್ಟಿ ಸಾಕು. ತಾನೇ ಗಾಳಿ ತುಂಬಿಕೊಳ್ಳುವ ಬ್ಯಾಟರಿಯ ಯಂತ್ರ ಈ ಕೆಲಸಕ್ಕೆ ಬರುವುದಿಲ್ಲ. ನೋಟ್‌ಬುಕ್ ಒಬ್ಬರ ಕೈಯಲ್ಲೇ ಇರಬೇಕು. ಮೂರು ಜನ ಬರೆಯುವ ಪುಸ್ತಕದಲ್ಲಿ ಎರಡನೆಯ ವಾರದಿಂದ ಯಾರೂ ಬರೆದಿರುವುದಿಲ್ಲ.

ಹಂತ 1: ಋತುವಿಗೆ ಮುನ್ನ ವೈದ್ಯರ ಬಳಿ

ಮೂವತ್ತೈದು ದಾಟಿದವರಲ್ಲಿ ಆಟದ ನಡುವೆ ಹೃದಯ ನಿಲ್ಲುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಅಡಚಣೆ. ಆದ್ದರಿಂದ ಮೊದಲ ಅಭ್ಯಾಸಕ್ಕಿಂತ ಮುಂಚೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಮತ್ತು ಇಸಿಜಿ ಮಾಡಿಸಬೇಕು. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರಿದ್ದರೆ, ಅಥವಾ ಆಟಗಾರ ಸಿಗರೇಟು ಸೇದುವವನಾಗಿದ್ದರೆ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಬೇಕು.

ಅದೇ ದಿನ ಹಳೆಯ ಗಾಯಗಳ ಪಟ್ಟಿಯನ್ನು ಬರೆದುಕೊಳ್ಳಿ: ಯಾವ ಕಾಲು, ಯಾವ ಜಾಗ, ಯಾವ ವರ್ಷ, ಎಷ್ಟು ವಾರ. ಸ್ನಾಯು ಮತ್ತೆ ಹರಿಯುವ ಸಾಧ್ಯತೆಯನ್ನು ಮುಂಚಿತವಾಗಿ ಹೇಳುವ ಸಂಗತಿಗಳಲ್ಲಿ ಹಿಂದಿನ ಗಾಯ ಮತ್ತು ವಯಸ್ಸು ಇವೆರಡೂ ಮುಂಚೂಣಿಯಲ್ಲಿವೆ.

ಹಂತ 2: ಅವನ ಸಹಜ ಮಟ್ಟವನ್ನು ಕಂಡುಕೊಳ್ಳುವುದು

ಮೊದಲ ಎರಡು ವಾರ ಪಂದ್ಯ ಆಡಿಸದೆ, ವಾರಕ್ಕೆ ಮೂರು ಬಾರಿ ಕೆಳಗಿನ ನಾಲ್ಕು ಅಳತೆಗಳನ್ನು ತೆಗೆದುಕೊಳ್ಳಿ. ಇಪ್ಪತ್ತೆರಡರ ಹುಡುಗನ ಅಳತೆಯೊಂದಿಗೆ ಹೋಲಿಸಬೇಡಿ. ಅವನನ್ನು ಅವನೊಂದಿಗೇ ಹೋಲಿಸುವುದಕ್ಕಾಗಿ ಈ ಎರಡು ವಾರಗಳು.

ತೊಡೆಸಂದಿನ ಹಿಸುಕು ಪರೀಕ್ಷೆ ನಾಲ್ಕರಲ್ಲಿ ಅತ್ಯಂತ ಉಪಯುಕ್ತ. ಆಟಗಾರ ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದಗಳನ್ನು ನೆಲಕ್ಕೆ ಊರಬೇಕು. ರಕ್ತದೊತ್ತಡದ ಪಟ್ಟಿಯನ್ನು ಸುರುಳಿ ಸುತ್ತಿ ಎರಡು ಮೊಣಕಾಲುಗಳ ನಡುವೆ ಇಟ್ಟು, ಮುಳ್ಳು 20ಕ್ಕೆ ಬರುವಷ್ಟು ಗಾಳಿ ತುಂಬಿ, ತಿರುಪನ್ನು ಬಿಗಿಯಾಗಿ ಮುಚ್ಚಿ. ಈಗ ಅವನು ಮೊಣಕಾಲುಗಳಿಂದ ಪಟ್ಟಿಯನ್ನು ತನ್ನೆಲ್ಲ ಶಕ್ತಿಯಿಂದ ಹಿಸುಕಲಿ. ಮುಳ್ಳು ಏರಿದ ಗರಿಷ್ಠ ಅಂಕಿಯನ್ನು ಬರೆದುಕೊಳ್ಳಿ. ಮೂರು ಬಾರಿ ಮಾಡಿಸಿ, ಒಳ್ಳೆಯದನ್ನು ಉಳಿಸಿಕೊಳ್ಳಿ. ಹಿಸುಕುವಾಗ ನೋವಿದೆಯೇ ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆಯಬೇಕು, ಏಕೆಂದರೆ ನೋವಿನೊಂದಿಗೆ ಬಂದ 200 ಮತ್ತು ನೋವಿಲ್ಲದ 200 ಒಂದೇ ಅಲ್ಲ.

ಎರಡನೆಯದು, ಪಾದವನ್ನು ಗೋಡೆಯಿಂದ ದೂರ ಇಟ್ಟು, ಹಿಮ್ಮಡಿ ಏಳದಂತೆ ಮೊಣಕಾಲನ್ನು ಗೋಡೆಗೆ ತಾಗಿಸುವ ಪರೀಕ್ಷೆ. ಹೆಬ್ಬೆರಳಿನಿಂದ ಗೋಡೆಗಿರುವ ಗರಿಷ್ಠ ದೂರವನ್ನು ಸೆಂಟಿಮೀಟರಿನಲ್ಲಿ ಅಳೆಯಬೇಕು. ಮೂರನೆಯದು, ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತುವುದು. ಎರಡು ಸೆಕೆಂಡಿಗೆ ಒಂದರಂತೆ, ಎತ್ತರ ಕುಸಿಯುವವರೆಗಿನ ಎಣಿಕೆ. ನಾಲ್ಕನೆಯದು, ಬೆಳಗ್ಗೆ ಹಾಸಿಗೆಯಿಂದ ಏಳುವ ಮುನ್ನ ಒಂದು ನಿಮಿಷದ ನಾಡಿಬಡಿತ. ಇದನ್ನು ಅವನೇ ಅಳೆದು ಸಂದೇಶ ಕಳಿಸಲಿ.

ಹಿಸುಕಿನ ಅಂಕಿ ತನ್ನ ಸರಾಸರಿಗಿಂತ ಶೇ. 15ರಷ್ಟು ಇಳಿದರೆ, ಗೋಡೆಯ ದೂರ 2 ಸೆಂಟಿಮೀಟರ್ ಕಡಿಮೆಯಾದರೆ, ಹಿಮ್ಮಡಿ ಎತ್ತುವ ಎಣಿಕೆ ಐದು ಇಳಿದರೆ, ನಾಡಿ ಎರಡು ದಿನ ಸತತವಾಗಿ ಎಂಟು ಹತ್ತು ಬಡಿತ ಏರಿದರೆ, ಆ ದಿನದ ಅಭ್ಯಾಸವನ್ನು ಅರ್ಧಕ್ಕೆ ಇಳಿಸುವುದು ನಾನು ಪಾಲಿಸುವ ನಿಯಮ. ಎರಡು ಅಳತೆಗಳು ಒಟ್ಟಿಗೆ ಕುಸಿದರೆ ಓಟವನ್ನೇ ನಿಲ್ಲಿಸುತ್ತೇನೆ.

ಹಂತ 3: ಹೊರೆಯನ್ನು ಅಂಕಿಯಲ್ಲಿ ಬರೆಯುವುದು

ಅಭ್ಯಾಸ ಅಥವಾ ಪಂದ್ಯ ಮುಗಿದು ಅರ್ಧ ಗಂಟೆಯ ನಂತರ ಆಟಗಾರನನ್ನು ಒಂದೇ ಪ್ರಶ್ನೆ ಕೇಳಿ: ಸೊನ್ನೆಯಿಂದ ಹತ್ತರವರೆಗೆ ಎಣಿಸಿದರೆ ಇವತ್ತಿನ ಶ್ರಮ ಎಷ್ಟು? ಆ ಅಂಕಿಯನ್ನು ನಿಮಿಷಗಳಿಂದ ಗುಣಿಸಿ. 60 ನಿಮಿಷದ ಅಭ್ಯಾಸಕ್ಕೆ 5 ಅಂದರೆ ಹೊರೆ 300. 90 ನಿಮಿಷದ ಪಂದ್ಯಕ್ಕೆ 8 ಅಂದರೆ 720. ಮುಗಿದ ಕೂಡಲೇ ಕೇಳಿದರೆ ಕೊನೆಯ ಐದು ನಿಮಿಷದ ಏದುಸಿರು ಮಾತ್ರ ಉತ್ತರವಾಗುತ್ತದೆ, ಅದಕ್ಕೇ ಅರ್ಧ ಗಂಟೆಯ ಕಾಯುವಿಕೆ. ಇತರರ ಎದುರು ಕೇಳಬಾರದು; ಹಿರಿಯ ಆಟಗಾರ ಹುಡುಗರ ಮುಂದೆ ಎಂದೂ ಎಂಟು ಎನ್ನುವುದಿಲ್ಲ.

ಏಳು ದಿನದ ಮೊತ್ತವನ್ನು ಕಳೆದ ನಾಲ್ಕು ವಾರಗಳ ಸರಾಸರಿಯೊಂದಿಗೆ ಹೋಲಿಸಿ. ಈ ವಾರದ ಮೊತ್ತ ಸರಾಸರಿಯ 1.3 ಪಟ್ಟಿಗಿಂತ ಮೇಲೆ ಹೋಗದಂತೆ, 0.8ಕ್ಕಿಂತ ಕೆಳಗೆ ಬೀಳದಂತೆ ನೋಡಿಕೊಳ್ಳುವುದು ಬಳಕೆಯಲ್ಲಿರುವ ರೂಢಿ. ಇದು ಗಾಯವನ್ನು ಮುಂಚಿತವಾಗಿ ಹೇಳುವ ಭವಿಷ್ಯವಾಣಿಯಲ್ಲ, ಕ್ರೀಡಾ ವಿಜ್ಞಾನಿಗಳಲ್ಲೇ ಇದರ ಬಗ್ಗೆ ತಕರಾರುಗಳಿವೆ. ಆದರೂ ಹೊರೆ ಒಮ್ಮೆಲೇ ಏರಿದ್ದನ್ನೂ ಒಮ್ಮೆಲೇ ಇಳಿದದ್ದನ್ನೂ ಕಣ್ಣಿಗೆ ಕಾಣಿಸುವ ಇದಕ್ಕಿಂತ ಸುಲಭದ ಲೆಕ್ಕ ನನಗೆ ಸಿಕ್ಕಿಲ್ಲ.

ಮಲೆನಾಡಿನಲ್ಲಿ ಈ ಹಂತದಲ್ಲಿ ಎಲ್ಲರೂ ಬಿಟ್ಟುಬಿಡುವ ಸಂಗತಿಯೊಂದಿದೆ. ಒಂದು ನವೆಂಬರ್‌ನಲ್ಲಿ ನಮ್ಮ ಮೂವತ್ತಾರರ ಸ್ಟ್ರೈಕರ್‌ನ ಹಿಸುಕಿನ ಅಂಕಿ 220ರಿಂದ ಹತ್ತು ದಿನಗಳಲ್ಲಿ 170ಕ್ಕೆ ಇಳಿಯಿತು. ಪುಸ್ತಕದಲ್ಲಿ ಹೊರೆ ಕಡಿಮೆಯೇ ಇತ್ತು, ಪಂದ್ಯಗಳೂ ಇರಲಿಲ್ಲ. ನಾನು ಅಭ್ಯಾಸವನ್ನು ಇನ್ನಷ್ಟು ಕಡಿತ ಮಾಡಿದೆ, ಅಂಕಿ ಮೇಲೇಳಲಿಲ್ಲ. ಒಂದು ಸಂಜೆ ಅವನ ಮನೆಗೆ ಹೋದಾಗ ಕಾರಣ ಅಂಗಳದಲ್ಲೇ ಕುಳಿತಿತ್ತು: ಅಡಿಕೆ ಕೊಯ್ಲು ಶುರುವಾಗಿ, ಊಟವಾದ ಮೇಲೆ ಬಲ್ಬಿನ ಕೆಳಗೆ ಮೆಟ್ಟುಗತ್ತಿಯ ಮುಂದೆ ಸೊಂಟ ಬಾಗಿಸಿ ಕುಳಿತು ಅವನು ರಾತ್ರಿ ಹನ್ನೊಂದರವರೆಗೆ ಕಾಯಿ ಸುಲಿಯುತ್ತಿದ್ದ. ಏಳುವಾಗ ಒಂದು ಕೈಯನ್ನು ನೆಲಕ್ಕೆ, ಇನ್ನೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು ಎದ್ದ. ಅದನ್ನು ಅವನು ಗಮನಿಸಿಯೂ ಇರಲಿಲ್ಲ.

ಮೂರು ಗಂಟೆ, ಅಂದರೆ 180 ನಿಮಿಷ. ಶ್ರಮಕ್ಕೆ 2 ಎಂದು ಹಿಡಿದರೂ ಹೊರೆ 360. ನಾಲ್ಕು ರಾತ್ರಿಗೆ 1,440, ಅಂದರೆ ಎರಡು ಪೂರ್ಣ ಪಂದ್ಯಗಳಷ್ಟು. ಕುಳಿತು ಮಾಡುವ ಕೆಲಸವನ್ನೂ ಓಟವನ್ನೂ ಹೀಗೆ ನೇರವಾಗಿ ಸಮೀಕರಿಸುವುದು ಪೂರ್ತಿ ಸರಿಯಲ್ಲ; ಆದರೆ ಬರೆಯದೇ ಇರುವುದು ಅದಕ್ಕಿಂತ ದೊಡ್ಡ ತಪ್ಪು. ಸುಲಿತವನ್ನು ಎರಡು ರಾತ್ರಿಗೆ ಇಳಿಸಿ, ಎತ್ತರದ ಮಣೆ ಹಾಕಿಸಿ, ಅರ್ಧ ಗಂಟೆಗೊಮ್ಮೆ ಎದ್ದು ನಡೆಯಲು ಹೇಳಿದ ಮೇಲೆ ಮೂರನೆಯ ವಾರಕ್ಕೆ ಅಂಕಿ 210ಕ್ಕೆ ಮರಳಿತು. ಗದ್ದೆ ನಾಟಿ, ತೋಟಕ್ಕೆ ಗೊಬ್ಬರ ಹೊರುವುದು, ರಾತ್ರಿ ಪಾಳಿ, ದೂರದ ಬೈಕ್ ಪ್ರಯಾಣ ಎಲ್ಲವೂ ಪುಸ್ತಕಕ್ಕೆ ಬರಬೇಕು.

ಹಂತ 4: ಯೋಜನೆಯನ್ನು ಆಟಗಾರನ ಮುಂದಿಡುವುದು

ಪಂದ್ಯಗಳ ಪಟ್ಟಿ ಹಿಡಿಯುವ ಮುನ್ನ ಅವನೊಂದಿಗೆ ಕುಳಿತು ಮಾತಾಡಬೇಕು. ಹೆಚ್ಚಿನ ತಂಡಗಳಲ್ಲಿ ಈ ಮಾತು ಪಂದ್ಯದ ಬೆಳಗ್ಗೆ, ಬೂಟಿನ ದಾರ ಕಟ್ಟುವಾಗ ನಡೆಯುತ್ತದೆ. ಆಗ ಅದು ಯೋಜನೆಯಾಗಿ ಕೇಳಿಸುವುದಿಲ್ಲ, ಕೈಬಿಟ್ಟಂತೆ ಕೇಳಿಸುತ್ತದೆ. ಅವಮಾನಗೊಂಡ ಆಟಗಾರ ನೋವನ್ನು ಮುಚ್ಚಿಡತೊಡಗುತ್ತಾನೆ, ಅಲ್ಲಿಗೆ ನಿಮ್ಮ ಅಳತೆಗಳೆಲ್ಲ ಸುಳ್ಳಾಗುತ್ತವೆ.

ಪುಸ್ತಕವನ್ನು ಅವನ ಕೈಗೇ ಕೊಡಿ. ಯಾವ ಪಂದ್ಯದಲ್ಲಿ ಮೊದಲಿನಿಂದ, ಯಾವುದರಲ್ಲಿ ದ್ವಿತೀಯಾರ್ಧದಿಂದ, ಯಾವುದರಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಅವನ ಒಪ್ಪಿಗೆ ಪಡೆದು ಬರೆಯಿರಿ. ಬೆಂಚಿನಲ್ಲಿ ಕೂರುವುದಕ್ಕೆ ಹಿಂಜರಿದರೆ ಸುನಿಲ್ ಛೆಟ್ರಿ ಅವರ 2024-25ರ ಋತುವನ್ನು ನೆನಪಿಸಿ: ಬೆಂಗಳೂರು ಎಫ್‌ಸಿ ಪರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ವಿರುದ್ಧ ಬದಲಿ ಆಟಗಾರನಾಗಿ ಇಳಿದು ಎರಡು ಗೋಲು ಹೊಡೆದ ಅವರು, ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದಾಗ ಅವರಿಗೆ 40 ವರ್ಷ.

ಹಂತ 5: ಪಂದ್ಯಗಳ ಪಟ್ಟಿಯಿಂದ ಹಿಂದಕ್ಕೆ ಎಣಿಸುವುದು

ಋತುವಿನ ಎಲ್ಲ ಪಂದ್ಯಗಳನ್ನು ಒಂದು ಹಾಳೆಯಲ್ಲಿ ಬರೆದು, ಅವನಿಲ್ಲದೆ ಗೆಲ್ಲುವುದು ಕಷ್ಟವಾದವುಗಳಿಗೆ ಮೊದಲು ಗುರುತು ಹಾಕಿ. ಆ ಗುರುತಿನಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಯಾವ ಪಂದ್ಯದಲ್ಲಿ ನಿಮಿಷ ಉಳಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ಪೂರ್ಣ ಪಂದ್ಯದ ನಂತರ ತೊಡೆಯ ಹಿಂಭಾಗದ ಬಲ ಮತ್ತು ಓಟದ ವೇಗ ಮರಳಲು ಸಾಮಾನ್ಯವಾಗಿ 48ರಿಂದ 72 ಗಂಟೆ ಬೇಕು. ವಯಸ್ಸಾದ ಆಟಗಾರನಿಗೆ 72ನ್ನೇ ಕನಿಷ್ಠವೆಂದು ಹಿಡಿದು, ಅದಕ್ಕಿಂತ ಹತ್ತಿರದ ಎರಡು ಪಂದ್ಯಗಳಲ್ಲಿ ಒಂದನ್ನು ಬಿಡಿಸಿ ಅಥವಾ ಎರಡನೆಯದರಲ್ಲಿ 25-30 ನಿಮಿಷಕ್ಕೆ ಮಿತಿಗೊಳಿಸಿ.

ಪ್ರಯಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಗುಂಬೆಯ 14 ತಿರುವುಗಳನ್ನು ಇಳಿದು ಉಡುಪಿ ಕಡೆಗೆ ಹೋಗಿ ಅದೇ ಮಧ್ಯಾಹ್ನ ಆಡಿ ರಾತ್ರಿ ಮರಳುವುದು ಹುಡುಗರಿಗೆ ಉತ್ಸಾಹದ ದಿನ. ಮೂವತ್ತೇಳರ ಬೆನ್ನಿಗೆ ಹಾಗಲ್ಲ. ಸಾಧ್ಯವಾದರೆ ಹಿಂದಿನ ರಾತ್ರಿಯೇ ತಲುಪಿಸಿ. ಆಗದಿದ್ದರೆ ಮುಂದಿನ ಸೀಟು ಕೊಟ್ಟು, ಗಂಟೆಗೊಮ್ಮೆ ಇಳಿಸಿ ಹತ್ತು ನಿಮಿಷ ನಡೆಸಿ.

ಮೈದಾನ ಬದಲಾಗುವ ವಾರಗಳು ಅಪಾಯದ ವಾರಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೆಸರಿನಲ್ಲಿ ಜಾರುವ ಪಾದವನ್ನು ಹಿಡಿದು ನಿಲ್ಲಿಸುವ ಕೆಲಸವೆಲ್ಲ ತೊಡೆಸಂದು ಮತ್ತು ಮೀನಖಂಡಕ್ಕೆ ಬೀಳುತ್ತದೆ. ಫೆಬ್ರವರಿಯ ನಂತರ ಕಲ್ಲಿನಂತೆ ಗಟ್ಟಿಯಾಗುವ ಕೆಂಪು ನೆಲ ಮೊಣಕಾಲು ಮತ್ತು ಹಿಮ್ಮಡಿಯ ಸ್ನಾಯುರಜ್ಜುವನ್ನು ಹಿಡಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ ಎರಡು ವಾರ ನಿಮಿಷಗಳನ್ನು ಅರ್ಧಕ್ಕೆ ಇಳಿಸಬೇಕು. ಮಳೆಗಾಲದ ಉದ್ದ ಮುಳ್ಳಿನ ಬೂಟನ್ನು ಗಟ್ಟಿ ನೆಲದಲ್ಲಿ ಹಾಕಿಕೊಳ್ಳಲು ಬಿಡಲೇಬಾರದು.

ಒಂದೇ ದಿನ ಮೂರು ನಾಲ್ಕು ಪಂದ್ಯ ಆಡಿಸುವ, ತಂಡಕ್ಕೆ ಏಳೇ ಜನರ ಸೆವೆನ್ಸ್ ಪಂದ್ಯಾವಳಿಗಳಲ್ಲಿ ಅವನನ್ನು ಸೆಮಿಫೈನಲ್‌ವರೆಗೆ ಇಳಿಸಬೇಡಿ. ಅಷ್ಟರಲ್ಲೇ ತಂಡ ಸೋತರೆ ಸೋಲಲಿ.

ಹಂತ 6: ವಾರವನ್ನು ಜೋಡಿಸುವುದು

ಭಾನುವಾರದಿಂದ ಭಾನುವಾರಕ್ಕೆ ಪಂದ್ಯವಿದೆ ಎಂದು ಇಟ್ಟುಕೊಳ್ಳೋಣ. ಸೋಮವಾರ ಅರ್ಧ ಗಂಟೆಯ ನಡಿಗೆ ಅಥವಾ ಸೈಕಲ್, ಅಷ್ಟೆ. ಮಂಗಳವಾರ ಪೂರ್ತಿ ವಿಶ್ರಾಂತಿ ಮತ್ತು ಸಂಜೆಗೆ ಅಳತೆಗಳು.

ಬುಧವಾರ ಬಲದ ವ್ಯಾಯಾಮ. ಮಂಡಿಯೂರಿ ಕುಳಿತವನ ಹಿಮ್ಮಡಿಗಳನ್ನು ಇನ್ನೊಬ್ಬ ಒತ್ತಿ ಹಿಡಿದು, ಅವನು ಬೆನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ವಾಲುವ ನಾರ್ಡಿಕ್ ವ್ಯಾಯಾಮ ಇದರ ತಿರುಳು. ತೊಡೆಯ ಹಿಂಭಾಗದ ಗಾಯಗಳನ್ನು ಇದು ಅರ್ಧದಷ್ಟು ಕಡಿಮೆ ಮಾಡುತ್ತದೆಂದು ಅಧ್ಯಯನಗಳು ತೋರಿಸಿವೆ. ಐದೈದರ ಎರಡು ಸುತ್ತಿನಿಂದ ಆರಂಭಿಸಿ, ಎಂಟು ವಾರಗಳಲ್ಲಿ ಎಂಟೆಂಟರ ಮೂರು ಸುತ್ತಿಗೆ ಏರಿಸಿ. ಮೊಣಕಾಲು ಮಡಚಿ ಹಿಮ್ಮಡಿ ಎತ್ತುವುದನ್ನು ಸೇರಿಸಿ, ಏಕೆಂದರೆ ವಯಸ್ಸಾದಂತೆ ಮೊದಲು ಕೈಕೊಡುವ ಸ್ನಾಯುಗಳಲ್ಲಿ ಮೀನಖಂಡದ ಒಳಸ್ನಾಯುವೂ ಒಂದು. ಪಂದ್ಯಕ್ಕೆ 48 ಗಂಟೆಗಳ ಒಳಗೆ ನಾರ್ಡಿಕ್ ಮಾಡಿಸಬೇಡಿ. ಮೊದಲ ವಾರಗಳ ಮೈಕೈ ನೋವಿನಲ್ಲಿ ಆಡಿದರೆ ಅದೇ ಗಾಯಕ್ಕೆ ದಾರಿ.

ಗುರುವಾರ ವೇಗದ ಓಟ, ಇದನ್ನೇ ಯಾವ ವಾರವೂ ತಪ್ಪಿಸಬಾರದು. 20 ನಿಮಿಷದ ಸಿದ್ಧತೆಯ ನಂತರ, ಗಾಯ ತಡೆಯಲೆಂದು ರೂಪಿಸಿದ ‘ಫಿಫಾ 11+’ ಎಂಬ ಸಿದ್ಧತೆಯ ಕ್ರಮ ಗೊತ್ತಿದ್ದರೆ ಅದನ್ನೇ ಮಾಡಿಸಿ, 30 ಮೀಟರಿನ ನಾಲ್ಕರಿಂದ ಆರು ಓಟಗಳು. ಮೊದಲೆರಡು ಮುಕ್ಕಾಲು ವೇಗದಲ್ಲಿ, ಉಳಿದವು ಅವನ ಗರಿಷ್ಠದ ಶೇ. 90ಕ್ಕಿಂತ ಮೇಲೆ, ನಡುವೆ ಪೂರ್ತಿ ಎರಡು ನಿಮಿಷ ನಡಿಗೆ. ಸಮಯ ಬರೆದುಕೊಳ್ಳಿ. ಸಮಯ ನಿಧಾನವಾದ ಕೂಡಲೇ ನಿಲ್ಲಿಸಿ, ಆರು ಮುಗಿಸಲೇಬೇಕೆಂಬ ಹಟ ಬೇಡ. ನಂತರ ತಂಡದೊಂದಿಗೆ ಚೆಂಡಿನ ಆಟ 20 ನಿಮಿಷ.

ಶುಕ್ರವಾರ ಬಿಡುವು. ಶನಿವಾರ 30 ನಿಮಿಷ ಫ್ರೀಕಿಕ್, ಕಾರ್ನರ್, ಪಾಸಿಂಗ್. ಇಡೀ ವಾರದಲ್ಲಿ ಅವನು ತಪ್ಪಿಸಿಕೊಳ್ಳಬೇಕಾದದ್ದು ಕೊನೆಯಿಲ್ಲದ ಸುತ್ತೋಟ ಮತ್ತು ಸಣ್ಣ ಜಾಗದಲ್ಲಿ ದೀರ್ಘಕಾಲ ತಿರುಗಿ ತಿರುಗಿ ಆಡುವ ಆಟಗಳನ್ನು ಮಾತ್ರ.

ಹಂತ 7: ಪಂದ್ಯದ ದಿನ

ಸಿದ್ಧತೆಗೆ ಹುಡುಗರಿಗಿಂತ ಹತ್ತು ನಿಮಿಷ ಮುಂಚೆ ಇಳಿಸಿ. ಮಧ್ಯಂತರದಲ್ಲಿ ಕುರ್ಚಿಯಲ್ಲಿ ಹದಿನೈದು ನಿಮಿಷ ಕೂರಿಸಬೇಡಿ. ಕೊನೆಯ ಐದು ನಿಮಿಷ ಮತ್ತೆ ಓಡಿಸಿ, ಎರಡು ವೇಗದ ಓಟ ಮಾಡಿಸಿ. ಬದಲಿಯಾಗಿ ಇಳಿಯುವುದಾದರೆ ಇದು ಇನ್ನೂ ಮುಖ್ಯ. ಮಳೆಯಲ್ಲಿ ನೆನೆದು ಬೆಂಚಿನಲ್ಲಿ ಕುಳಿತ ಕಾಲನ್ನು ಎರಡೇ ನಿಮಿಷದ ಸಿದ್ಧತೆಯಲ್ಲಿ ಕಣಕ್ಕೆ ಇಳಿಸುವುದು ಗಾಯವನ್ನು ಕರೆದಂತೆ. ಒಣ ಸಾಕ್ಸ್, ಉದ್ದ ಪ್ಯಾಂಟು, ಕೊಡೆ ಬೆಂಚಿನಲ್ಲಿರಲಿ.

ಮೊದಲಿನಿಂದ ಆಡಿಸಿದ ದಿನ 60ನೇ ನಿಮಿಷದ ಆಸುಪಾಸಿನಲ್ಲಿ ಹೊರತೆಗೆಯಿರಿ. ಗೆಲ್ಲುತ್ತಿದ್ದರೆ ಎಲ್ಲರೂ ತೆಗೆಯುತ್ತಾರೆ. 1-0ರಿಂದ ಹಿಂದಿರುವಾಗಲೂ ತೆಗೆಯುವ ಧೈರ್ಯವೇ ಯೋಜನೆಯನ್ನು ಉಳಿಸುತ್ತದೆ. ಐದು ಬದಲಿಗಳಿಗೆ ಈಗ ಅವಕಾಶವಿದ್ದರೂ, ಆಟದ ನಡುವೆ ಅವುಗಳನ್ನು ಮೂರೇ ಬಾರಿ ಬಳಸಬಹುದಾದ್ದರಿಂದ, ಒಂದನ್ನು ಅವನಿಗಾಗಿ ಮುಂಚೆಯೇ ಕಾಯ್ದಿರಿಸಿ. ಸ್ಥಳೀಯ ಪಂದ್ಯಾವಳಿಯ ನಿಯಮ ಬೇರೆಯಿದ್ದರೆ ಮೊದಲೇ ಕೇಳಿಕೊಳ್ಳಿ.

ಸ್ಥಾನವನ್ನೂ ಬದಲಿಸಬೇಕಾಗಬಹುದು. ವಿಂಗ್‌ನಲ್ಲಿ ಮೇಲೆ ಕೆಳಗೆ ಓಡುತ್ತಿದ್ದವನನ್ನು ಸ್ಟ್ರೈಕರ್‌ನ ಹಿಂದೆ ಒಳಗೆ ತಂದರೆ ಅದೇ ಕಣ್ಣು, ಅದೇ ಪಾಸು ಅರ್ಧ ಓಟದಲ್ಲಿ ದೊರೆಯುತ್ತದೆ. ಅವನು ಬಿಟ್ಟ ಓಟವನ್ನು ಯಾರು ಓಡಬೇಕೆಂಬುದನ್ನು ಒಬ್ಬ ಹುಡುಗನಿಗೆ ಹೆಸರಿಟ್ಟು ಹೇಳಬೇಕು. ಇಲ್ಲದಿದ್ದರೆ ಚೆಂಡು ಕಳೆದುಹೋದ ಕೂಡಲೇ ಅಭ್ಯಾಸಬಲದಿಂದ ಅವನೇ ಓಡುತ್ತಾನೆ.

ಹಂತ 8: ಚೇತರಿಕೆ

ಎಂಟು ಗಂಟೆಯ ನಿದ್ದೆಗೆ ಬದಲಿ ಇಲ್ಲ. ಪಂದ್ಯ ಮುಗಿದ ಗಂಟೆಯೊಳಗೆ ಅನ್ನ ಅಥವಾ ಕಡುಬಿನೊಂದಿಗೆ ಮೊಟ್ಟೆ, ಮೀನು ಅಥವಾ ಮೊಸರು ಹೊಟ್ಟೆ ಸೇರಬೇಕು. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 70 ಕಿಲೋ ಇರುವವನಿಗೆ 112 ಗ್ರಾಂ, ಅದನ್ನು ನಾಲ್ಕು ಹೊತ್ತಿಗೆ ಹಂಚಿ. ನಮ್ಮ ಕಡೆಯ ಊಟದಲ್ಲಿ ಅನ್ನಕ್ಕೆ ಕೊರತೆಯಿಲ್ಲ, ಕೊರತೆ ಬೀಳುವುದು ಇದಕ್ಕೇ. ಗೆದ್ದ ರಾತ್ರಿಯ ಮದ್ಯ ನಿದ್ದೆಯನ್ನೂ ಚೇತರಿಕೆಯನ್ನೂ ಕೆಡಿಸುತ್ತದೆ.

ಎಚ್ಚರಿಕೆಯ ಚಿಹ್ನೆಗಳು

ಆಡುವಾಗ ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಡುವ ನೋವು, ಅಸಹಜ ಏದುಸಿರು, ತಲೆಸುತ್ತಿ ಬೀಳುವುದು: ಆ ಕ್ಷಣವೇ ಆಟ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಕೂರಿಸುವುದು ಪ್ರಾಣಕ್ಕೆ ಎರವಾಗುತ್ತದೆ. ಪ್ರಜ್ಞೆ ಇಲ್ಲದೆ ಉಸಿರಾಟವೂ ಸರಿಯಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5-6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ತಂಡದಲ್ಲಿ ಕನಿಷ್ಠ ಇಬ್ಬರಾದರೂ ಇದನ್ನು ಕಲಿತಿರಲಿ.

ದೀರ್ಘ ಬಸ್ ಪ್ರಯಾಣದ ನಂತರ ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕದೆ ಅಂದೇ ವೈದ್ಯರಿಗೆ ತೋರಿಸಿ. ಸ್ನಾಯು ಹರಿದ ಮೊದಲ ಮೂರು ದಿನಗಳಲ್ಲೂ ನೀವುವುದು, ಬಿಸಿ ಶಾಖ ಎರಡೂ ಸಲ್ಲದು, ಒಳಗಿನ ರಕ್ತಸ್ರಾವ ಹೆಚ್ಚುತ್ತದೆ.

ಜ್ವರವಿದ್ದಾಗ ಆಡಿಸಬೇಡಿ; ಕೆಲವು ಸೋಂಕುಗಳಲ್ಲಿ ಹೃದಯದ ಸ್ನಾಯುವೂ ಊದಿಕೊಂಡಿರುತ್ತದೆ. ಮಳೆಗಾಲದ ಇಲಿಜ್ವರ ಮತ್ತು ಡೆಂಗೆ, ಬೇಸಿಗೆಯ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲಿ ದೂರದ ಮಾತುಗಳಲ್ಲ. ಮಂಗನ ಕಾಯಿಲೆಯಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ನಂತರ ಕೆಲವರಿಗೆ ಮರುಕಳಿಸುವುದರಿಂದ, ಜ್ವರ ಇಳಿಯಿತೆಂದು ಮರುದಿನವೇ ಮೈದಾನಕ್ಕೆ ಕರೆಯದೆ ವೈದ್ಯರ ಒಪ್ಪಿಗೆಗೆ ಕಾಯಬೇಕು.

ಪಂದ್ಯಕ್ಕೆ ಮುನ್ನ ನೋವಿನ ಇಂಜೆಕ್ಷನ್ ಕೇಳುವುದು ಎಲ್ಲಕ್ಕಿಂತ ದೊಡ್ಡ ಚಿಹ್ನೆ. ಡೈಕ್ಲೋಫೆನಾಕ್‌ನಂಥ ಔಷಧಿ ಗಾಯದ ಕೂಗನ್ನು ಅಡಗಿಸುತ್ತದೆ, ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಇಂಜೆಕ್ಷನ್ ಇಲ್ಲದೆ ಆಡಲಾಗದ ದಿನ ಅವನು ಆಡಬಾರದ ದಿನ.

ಗಾಯದಿಂದ ಮರಳಿಸುವಾಗ

ನೋವು ಹೋದದ್ದು ಅನುಮತಿಯಲ್ಲ. ಹಂತ 2ರ ಅಳತೆಗಳು ಅವನ ಹಳೆಯ ಸರಾಸರಿಗೆ ಮರಳಬೇಕು, ಗುರುವಾರದ 30 ಮೀಟರ್ ಸಮಯ ಗಾಯಕ್ಕೆ ಮುಂಚಿನದಕ್ಕೆ ಸಮನಾಗಬೇಕು, ತಂಡದೊಂದಿಗೆ ಕನಿಷ್ಠ ನಾಲ್ಕು ಪೂರ್ಣ ಅಭ್ಯಾಸಗಳು ಮುಗಿದಿರಬೇಕು. ಆಮೇಲೆ ಮೊದಲ ಪಂದ್ಯದಲ್ಲಿ 20 ನಿಮಿಷ, ಎರಡನೆಯದರಲ್ಲಿ 35, ಮೂರನೆಯದರಲ್ಲಿ 60. ಮೊದಲ 20 ನಿಮಿಷಗಳಲ್ಲೇ ಅವನು ಗೋಲು ಹೊಡೆದು, ಮುಂದಿನ ಭಾನುವಾರ ಪೂರ್ತಿ ಆಡಿಸಿರೆಂದು ಊರೇ ನಿಮ್ಮ ಮನೆ ಬಾಗಿಲಿಗೆ ಬಂದರೂ, ಎರಡನೆಯ ಪಂದ್ಯಕ್ಕೆ ಪುಸ್ತಕದಲ್ಲಿ ಬರೆದಿರುವುದು 35 ನಿಮಿಷವೇ.